‘ನಮಗಾಗಿ’ ಎಂಬ ಮಾತು: ಯೇಸುವಿನ ಮರಣದ ಅರ್ಥವೂ ಕನ್ನಡದ ಯಜ್ಞವಿಚಾರವೂ

೧

ಪೊಂತ್ಯ ಪಿಲಾತನು ರೋಮನ್ ಚಕ್ರವರ್ತಿಯ ಅಧಿಕಾರಿಯಾಗಿ ಯೂದಾಯ ಪ್ರಾಂತವನ್ನು ಆಳುತ್ತಿದ್ದ ಕಾಲದಲ್ಲಿ, ಎಂದರೆ ಕ್ರಿ. ಶ. ೨೬ರಿಂದ ೩೬ರ ನಡುವೆ, ಜೆರೂಸಲೇಮಿನ ಹೊರಗಿನ ಗೊಲ್ಗೊಥಾ ಎಂಬ ಸ್ಥಳದಲ್ಲಿ ನಜರೇತಿನ ಯೇಸುವನ್ನು ಶಿಲುಬೆಗೇರಿಸಲಾಯಿತು. ರೋಮನ್ನರ ರಾಜ್ಯದಲ್ಲಿ ಆ ಶಿಕ್ಷೆಯು ಮುಖ್ಯವಾಗಿ ಗುಲಾಮರಿಗೂ ದಂಗೆಕೋರರಿಗೂ ವಿಧಿಸುವಂಥದು. ನೋವಿಗಿಂತ ಹೆಚ್ಚಾಗಿ ಅವಮಾನವೇ ಅದರ ಉದ್ದೇಶ. ಇತಿಹಾಸವು ಹೇಳುವುದು ಇಷ್ಟು. ಆದರೆ ಈ ಘಟನೆಯಾದ ಸುಮಾರು ಇಪ್ಪತ್ತೈದು ವರ್ಷಗಳೊಳಗೆ ಪೌಲನು ಕೊರಿಂಥದ ಸಭೆಗೆ ಬರೆದ ಪತ್ರದಲ್ಲಿ, ಆ ಮರಣವು ಮನುಷ್ಯರ ಪಾಪಗಳ ನಿಮಿತ್ತವಾಗಿ ಆದುದೆಂಬ ನಂಬಿಕೆಯು ತನಗೂ ಹಿಂದಿನಿಂದಲೇ ಬಂದುದೆಂದು ಹೇಳಿಕೊಂಡಿರುವನು. ಅಪಮಾನದ ಮರಣವೊಂದು ಇಷ್ಟು ಬೇಗನೆ ಉದ್ಧಾರದ ವಾರ್ತೆಯಾಗಿ ಮಾರ್ಪಟ್ಟುದು ಧರ್ಮಗಳ ಇತಿಹಾಸದಲ್ಲಿ ಅಪೂರ್ವವಾದ ಸಂಗತಿ.

ಇನ್ನೊಂದು ಸಂಗತಿಯು ಇದಕ್ಕಿಂತಲೂ ಕುತೂಹಲಕರವಾದುದು. ಕ್ರಿಸ್ತನು ಯಾರು ಎಂಬ ಪ್ರಶ್ನೆಗೆ ಸಭೆಯು ೩೨೫ರ ನಿಕೇಯದ ಪರಿಷತ್ತಿನಲ್ಲಿಯೂ ೪೫೧ರ ಕಾಲ್ಸಿಡೋನಿನ ಪರಿಷತ್ತಿನಲ್ಲಿಯೂ ಶಬ್ದಶಬ್ದವನ್ನೂ ತೂಗಿ ನಿರ್ಣಯವನ್ನು ಕೊಟ್ಟಿತು. ಆದರೆ ಆತನ ಮರಣದಿಂದ ಮನುಷ್ಯನಿಗೆ ಉದ್ಧಾರವಾಗುವುದು ಹೇಗೆ ಎಂಬ ಪ್ರಶ್ನೆಗೆ ಅಂಥ ಸಾರ್ವತ್ರಿಕ ನಿರ್ಣಯವನ್ನು ಆ ಪರಿಷತ್ತುಗಳು ಕೊಡಲಿಲ್ಲ. ನಿಕೇಯದ ಹೆಸರಿನಲ್ಲಿ ಪ್ರಚಲಿತವಾಗಿರುವ ವಿಶ್ವಾಸಪ್ರಮಾಣವು ಆತನನ್ನು ‘ನಮಗಾಗಿ’ ಶಿಲುಬೆಗೇರಿಸಲಾಯಿತೆಂದು ಮಾತ್ರ ನುಡಿದು ಮೌನ ತಾಳುತ್ತದೆ.

ಈ ಮೌನದ ಬೆಲೆಯನ್ನು ನಾಗಪುರವು ಸಮೀಪದಿಂದ ಕಂಡಿದೆ. ೧೯೭೦ರ ನವೆಂಬರ್ ೨೯ರಂದು ಉತ್ತರ ಭಾರತ ಸಭೆಯು ಸ್ಥಾಪಿತವಾದುದು ಈ ನಗರದಲ್ಲಿಯೇ. ಆಂಗ್ಲಿಕನರು, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಪರಂಪರೆಗಳು ಮೊದಲೇ ಕೂಡಿಕೊಂಡಿದ್ದ ಸಂಯುಕ್ತ ಸಭೆ, ಬ್ಯಾಪ್ಟಿಸ್ಟರು, ಮೆಥಡಿಸ್ಟರ ಒಂದು ಶಾಖೆ, ಬ್ರೆದರನ್ ಸಭೆ, ಡಿಸೈಪಲ್ಸ್ ಆಫ್ ಕ್ರೈಸ್ಟ್ ಎಂಬ ಆರು ಸಂಘಗಳು ಅಂದು ಒಂದಾದುವು. ಶಿಲುಬೆಯ ಅರ್ಥವನ್ನು ಕುರಿತು ಇವರ ಪೂರ್ವಜರು ಪರಸ್ಪರ ಕಟುವಾಗಿ ವಾದಿಸಿದ್ದವರು. ಐಕ್ಯಕ್ಕೆ ಆಧಾರವಾಗಿ ಅವರು ಸ್ವೀಕರಿಸಿದ ಪ್ರಾಚೀನ ವಿಶ್ವಾಸಪ್ರಮಾಣಗಳಾದರೋ ‘ನಮಗಾಗಿ’ ಎಂಬಲ್ಲಿಯೇ ನಿಲ್ಲುವಂಥವು. ಆ ಒಂದು ಮಾತಿನೊಳಗೆ ಎಷ್ಟು ಅರ್ಥಗಳು ಅಡಗಿವೆ, ಆ ಮಾತು ಕನ್ನಡಕ್ಕೆ ಬಂದಾಗ ಯಾವ ತೊಡಕಿಗೆ ಸಿಕ್ಕಿತು ಎಂಬುದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

೨

ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯಲ್ಲಿಯೇ ಈ ಸಂಬಂಧವನ್ನು ಸೂಚಿಸುವ ಎರಡು ಅವ್ಯಯಗಳಿವೆ. ಪೌಲನು ಬಹುಮಟ್ಟಿಗೆ ಬಳಸುವುದು ‘ಹ್ಯುಪೆರ್’ ಎಂಬುದನ್ನು. ಅದರ ಅರ್ಥ ‘ಹಿತಕ್ಕಾಗಿ’, ‘ಪರವಾಗಿ’. ಮಾರ್ಕನ ಸುವಾರ್ತೆಯ ಪ್ರಸಿದ್ಧವಾದ ಒಂದು ವಾಕ್ಯದಲ್ಲಿ ಬರುವುದು ‘ಆಂಟಿ’. ಅದರ ಅರ್ಥ ‘ಬದಲಾಗಿ’, ‘ಪ್ರತಿಯಾಗಿ’. ತಾಯಿಯು ಮಗುವಿಗಾಗಿ ನಿದ್ದೆಗೆಡುವಳು. ಜಾಮೀನು ನಿಂತವನು ಸಾಲಗಾರನ ಬದಲಾಗಿ ಹಣ ತೆರುವನು. ಎರಡೂ ಉಪಕಾರಗಳೇ, ಆದರೆ ಎರಡರ ಸ್ವರೂಪ ಬೇರೆ. ಮುಂದಿನ ಎರಡು ಸಾವಿರ ವರ್ಷಗಳ ವಾದಗಳೆಲ್ಲ ಈ ಎರಡು ಅವ್ಯಯಗಳ ನಡುವಿನ ಅಂತರದಲ್ಲಿಯೇ ಬೆಳೆದುವೆಂದರೆ ಅತಿಶಯೋಕ್ತಿಯಾಗದು.

ಮೊದಲ ಶತಮಾನಗಳ ಆಚಾರ್ಯರಿಗೆ ತೋರಿದ ಉಪಮಾನವು ಗುಲಾಮರ ಸಂತೆಯದು. ಪಾಪಕ್ಕೂ ಮೃತ್ಯುವಿಗೂ ಸೈತಾನನಿಗೂ ಸೆರೆಯಾದ ಮನುಷ್ಯನನ್ನು ಬಿಡಿಸಿಕೊಳ್ಳಲು ಕೊಟ್ಟ ವಿಮೋಚನೆಯ ಬೆಲೆಯೇ ಕ್ರಿಸ್ತನ ಪ್ರಾಣ. ನಾಲ್ಕನೆಯ ಶತಮಾನದ ನಿಸ್ಸಾದ ಗ್ರೆಗರಿಯು ಈ ಉಪಮಾನವನ್ನು ಇನ್ನಷ್ಟು ಬೆಳೆಸಿ, ಕ್ರಿಸ್ತನ ಮಾನುಷದೇಹವು ಎರೆಯೆಂದೂ ಅದರೊಳಗಿನ ದೈವತ್ವವು ಗಾಳದ ಕೊಕ್ಕೆಯೆಂದೂ ಅದನ್ನು ನುಂಗಿದ ಸೈತಾನನು ಸೋತನೆಂದೂ ವರ್ಣಿಸಿದನು. ಆತನ ಮಿತ್ರನಾದ ನಾಜಿಯಾನ್ಸಸ್ಸಿನ ಗ್ರೆಗರಿಗೆ ಇದು ಸರಿಬೀಳಲಿಲ್ಲ. ಬೆಲೆಯನ್ನು ಕೊಟ್ಟುದಾದರೆ ಅದು ಸಂದುದು ಯಾರಿಗೆ? ಸೈತಾನನಿಗೆನ್ನುವುದು ದೇವನಿಂದೆ, ತಂದೆಯಾದ ದೇವರಿಗೆನ್ನೋಣವೆಂದರೆ, ನಮ್ಮನ್ನು ಸೆರೆಯಲ್ಲಿಟ್ಟವನು ಆತನಲ್ಲವಷ್ಟೆ. ಈ ಪ್ರಶ್ನೆಯ ಮೊನೆಯು ಇಂದಿಗೂ ಮೊಂಡಾಗಿಲ್ಲ.

೧೦೯೮ರ ಸುಮಾರಿಗೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮನು, ದೇವರು ಮನುಷ್ಯನಾದುದೇಕೆ ಎಂಬ ಪ್ರಶ್ನೆಯನ್ನೇ ಹೆಸರಾಗಿಸಿಕೊಂಡ ಗ್ರಂಥವನ್ನು ಬರೆದು ಮುಗಿಸಿದನು. ಒಡೆಯ ಮತ್ತು ಆಳುಗಳ ಮರ್ಯಾದೆಯ ಮೇಲೆ ನಿಂತ ಸಮಾಜ ಆತನದು. ದೇವರ ಗೌರವಕ್ಕೆ ಪಾಪದಿಂದ ಕುಂದು ಬಂದಿದೆ. ಅದನ್ನು ತುಂಬಿಕೊಡಬೇಕಾದವನು ಮನುಷ್ಯ, ತುಂಬಿಕೊಡಲು ಶಕ್ತನಾದವನು ದೇವರೊಬ್ಬನೇ. ಆದಕಾರಣ ದೇವಮಾನವನೇ ಬೇಕಾಯಿತೆಂಬುದು ಆತನ ತರ್ಕ. ಮುಂದಿನ ತಲೆಮಾರಿನ ಅಬೆಲಾರ್ಡನು (೧೦೭೯-೧೧೪೨) ಇದನ್ನು ಒಪ್ಪಲಿಲ್ಲ. ನಿರ್ದೋಷಿಯ ರಕ್ತವನ್ನು ಬೆಲೆಯಾಗಿ ಕೇಳುವುದು ಕ್ರೌರ್ಯವಲ್ಲವೇ ಎಂದು ಕೇಳಿ, ಶಿಲುಬೆಯಲ್ಲಿ ಪ್ರಕಟವಾದ ದೇವರ ಪ್ರೀತಿಯು ಮನುಷ್ಯನ ಹೃದಯದಲ್ಲಿ ಪ್ರೀತಿಯನ್ನು ಹೊತ್ತಿಸುವುದೇ ವಿಮೋಚನೆಯೆಂದು ಪ್ರತಿಪಾದಿಸಿದನು. ಹದಿನಾರನೆಯ ಶತಮಾನದಲ್ಲಿ, ನ್ಯಾಯಶಾಸ್ತ್ರವನ್ನು ಓದಿದ್ದ ಕಾಲ್ವಿನನ ಕೈಯಲ್ಲಿ ಉಪಮಾನವು ನ್ಯಾಯಾಲಯದ್ದಾಯಿತು: ಅಪರಾಧಿಗೆ ಆಗಬೇಕಾದ ದಂಡನೆಯನ್ನು ನಿರಪರಾಧಿಯು ತನ್ನ ಮೇಲೆ ಹೊತ್ತುಕೊಂಡನು. ೧೯೩೦ರಲ್ಲಿ ಸ್ವೀಡನ್ನಿನ ಗುಸ್ಟಾಫ್ ಔಲೇನರು ಈ ಸರಣಿಯನ್ನೆಲ್ಲ ಪರಿಶೀಲಿಸಿ, ದುಷ್ಟಶಕ್ತಿಗಳ ಮೇಲೆ ಕ್ರಿಸ್ತನ ವಿಜಯವೆಂಬ ಆದಿಕಾಲದ ಭಾವವೇ ಮೂಲವಾದುದೆಂದು ಸಾಧಿಸಲು ಯತ್ನಿಸಿದರು.

ಈ ಸಂಕ್ಷಿಪ್ತ ಸಮೀಕ್ಷೆಯಿಂದ ಒಂದು ಅಂಶವು ಸ್ಪಷ್ಟವಾಗುತ್ತದೆ. ಪ್ರತಿಯೊಂದು ಯುಗವೂ ತನ್ನ ಸಮಾಜದಲ್ಲಿ ಬಿಡುಗಡೆಯು ಹೇಗೆ ನಡೆಯುತ್ತಿತ್ತೋ ಆ ರೀತಿಯಲ್ಲಿಯೇ ಶಿಲುಬೆಯನ್ನು ಅರ್ಥಮಾಡಿಕೊಂಡಿತು. ಸಂತೆ, ಸಾಮಂತನ ಸಭೆ, ನ್ಯಾಯಾಲಯ ಇವು ಅರ್ಥವನ್ನು ತಂದುಕೊಟ್ಟುವು; ಜೊತೆಯಲ್ಲಿಯೇ ತಮ್ಮ ದೋಷಗಳನ್ನೂ ತಂದುವು. ಹಾಗಾದರೆ ಈ ವಾರ್ತೆಯು ಭಾರತಕ್ಕೆ ಬಂದಾಗ ಇಲ್ಲಿಯ ಯಾವ ಉಪಮಾನವನ್ನು ಆಶ್ರಯಿಸಿತು?

೩

ನಾಗಪುರದಲ್ಲಿ ಪ್ರೊಟೆಸ್ಟಂಟ್ ಮಿಷನ್ನಿನ ಕಾರ್ಯಕ್ಕೆ ತಳಹದಿ ಹಾಕಿದ ಸ್ಟೀಫನ್ ಹಿಸ್ಲಾಪರು (೧೮೧೭-೧೮೬೩) ಸ್ಕಾಟ್ಲೆಂಡಿನ ಫ್ರೀ ಚರ್ಚಿಗೆ ಸೇರಿದವರು. ೧೮೪೫ರಲ್ಲಿ ಇಲ್ಲಿಗೆ ಬಂದರು. ಭೂಗರ್ಭಶಾಸ್ತ್ರದಲ್ಲಿಯೂ ಗೊಂಡ ಜನರ ಸಂಪ್ರದಾಯಗಳಲ್ಲಿಯೂ ಅವರು ನಡಸಿದ ಶೋಧನೆಗಳು ಪ್ರಸಿದ್ಧವಾಗಿವೆ. ೧೮೮೩ರಲ್ಲಿ ಆರಂಭವಾದ ಕಾಲೇಜು ಅವರ ಹೆಸರನ್ನು ಹೊತ್ತಿದೆ. ಅವರ ಸಭೆಯ ಅಧಿಕೃತ ಸಿದ್ಧಾಂತವು ಹದಿನೇಳನೆಯ ಶತಮಾನದ ವೆಸ್ಟ್‌ಮಿನ್‌ಸ್ಟರ್ ಪ್ರಮಾಣದಲ್ಲಿ ಅಡಕವಾದುದು. ಅದರ ಪ್ರಕಾರ ಕ್ರಿಸ್ತನ ಬಲಿಯು ದೇವರ ನ್ಯಾಯಕ್ಕೆ ಪೂರ್ಣವಾದ ಸಮಾಧಾನವನ್ನು ಸಲ್ಲಿಸಿತು. ಎಂದರೆ ನಾಗಪುರಕ್ಕೆ ಬಂದುದು ನ್ಯಾಯಾಲಯದ ಉಪಮಾನ. ಆದರೆ ಸ್ಕಾಟ್ಲೆಂಡಿನಲ್ಲಿಯೇ ಅದು ಪ್ರಶ್ನಾತೀತವಾಗಿರಲಿಲ್ಲ. ಕ್ರಿಸ್ತನು ಸತ್ತುದು ಆಯ್ದ ಕೆಲವರಿಗಾಗಿಯಲ್ಲ, ಎಲ್ಲರಿಗಾಗಿ ಎಂದು ಬೋಧಿಸಿದ ಜಾನ್ ಮ್ಯಾಕ್ಲೌಡ್ ಕ್ಯಾಂಬೆಲ್ಲರು ೧೮೩೧ರಲ್ಲಿ ಪಾದ್ರಿಯ ಪದವಿಯನ್ನೇ ಕಳೆದುಕೊಂಡರು. ೧೮೫೬ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವರು, ದಂಡನೆಯ ಭಾಷೆಯನ್ನು ಬಿಟ್ಟು ತಂದೆ ಮಕ್ಕಳ ಸಂಬಂಧದ ಭಾಷೆಯಲ್ಲಿ ಶಿಲುಬೆಯನ್ನು ವಿವರಿಸಿದರು.

ಅರ್ಧ ಶತಮಾನದ ತರುವಾಯ ಇದೇ ನಗರದಲ್ಲಿ ಬೇರೊಂದು ದಾರಿಯು ತೆರೆಯಿತು. ಮರಾಠಿ ಕವಿ ನಾರಾಯಣ ವಾಮನ ಟಿಳಕರು ೧೮೯೦ರ ದಶಕದ ಆರಂಭದಲ್ಲಿ ನಾಗಪುರದ ಶ್ರೀಮಂತ ಬುಟಿಯವರ ಆಶ್ರಯದಲ್ಲಿದ್ದು ಸಂಸ್ಕೃತ ಗ್ರಂಥಗಳ ಕೆಲಸ ಮಾಡುತ್ತಿದ್ದರು. ಇಲ್ಲಿಂದ ರಾಜನಾಂದಗಾವಿಗೆ ರೈಲಿನಲ್ಲಿ ಹೋಗುವಾಗ ಸಹಪ್ರಯಾಣಿಕನಾದ ಯುರೋಪಿಯನ್ನನೊಬ್ಬನು ಅವರಿಗೆ ಹೊಸ ಒಡಂಬಡಿಕೆಯ ಪ್ರತಿಯೊಂದನ್ನು ಕೊಟ್ಟನು. ಟಿಳಕರನ್ನು ಮೊದಲು ಹಿಡಿದು ನಿಲ್ಲಿಸಿದುದು ಶಿಲುಬೆಯ ಸಿದ್ಧಾಂತವಲ್ಲ, ಪರ್ವತ ಪ್ರಸಂಗದ ಬೋಧೆ. ೧೮೯೫ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಅವರು ದೀಕ್ಷಾಸ್ನಾನವನ್ನು ಪಡೆದರು. ಮುಂದೆ ಅವರು ತುಕಾರಾಮನನ್ನೇ ತಮ್ಮನ್ನು ಕ್ರಿಸ್ತನ ಬಳಿಗೆ ದಾಟಿಸಿದ ಸೇತುವೆಯೆಂದು ತಿಳಿದರು. ವಾರಕರಿಗಳ ಭಕ್ತಿಯಲ್ಲಿ ಬೆಳೆದ ಮನಸ್ಸಿಗೆ ದೇವರು ಸಾಲವಸೂಲಿಯ ಒಡೆಯನಾಗಿ ಕಾಣುವುದು ಕಠಿನ. ಭಕ್ತನ ದುಃಖದಲ್ಲಿ ತಾನೂ ಪಾಲುಗೊಳ್ಳುವ ತಾಯಿಯಾಗಿ ಕಾಣುವುದು ಸಹಜ. ‘ಬದಲಾಗಿ’ ಎಂಬುದಕ್ಕಿಂತ ‘ಜೊತೆಯಾಗಿ’ ಎಂಬುದೇ ಅಲ್ಲಿ ಮುಖ್ಯವಾಗುತ್ತದೆ.

೪

ಮರಾಠಿಗೆ ಭಕ್ತಿಯು ದಾರಿಯಾದರೆ, ಕನ್ನಡದಲ್ಲಿ ಮಿಷನರಿ ಪಂಡಿತರು ಮೊದಲು ಹಿಡಿದುದು ಯಜ್ಞದ ದಾರಿಯನ್ನು. ೧೮೧೦ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸರು ಮತ್ತು ಅವರ ಸಹಕಾರಿಗಳ ಶ್ರಮದಿಂದ, ೧೮೩೦ರ ದಶಕದ ಆರಂಭದ ಹೊತ್ತಿಗೆ ಬೈಬಲ್ಲು ಕನ್ನಡದಲ್ಲಿ ದೊರೆಯುವಂತಾಯಿತು. ಆ ಭಾಷಾಂತರವು ಮುಂದೆ ಹಲವು ಬಾರಿ ಪರಿಷ್ಕಾರಗೊಂಡಿತು. ಬಹುಕಾಲ ಬಳಕೆಯಲ್ಲಿರುವ ಕನ್ನಡ ಸತ್ಯವೇದದ ಶಬ್ದಗಳನ್ನು ಗಮನಿಸಿದರೆ ಮೂರು ಬೇರೆ ಬೇರೆ ಲೋಕಗಳು ಅಲ್ಲಿ ಸಂಧಿಸಿರುವುದು ಕಾಣುತ್ತದೆ. ‘ಶಿಲುಬೆ’ ಎಂಬುದು ಸಿರಿಯಾಕ್ ಮೂಲದ ಮಾತು. ದಕ್ಷಿಣ ಭಾರತದ ಪ್ರಾಚೀನ ಕ್ರೈಸ್ತರ ಮೂಲಕ ಬಂದುದು. ವಿಮೋಚನೆಯ ಬೆಲೆಗೆ ಆಯ್ದುಕೊಂಡ ‘ಈಡು’ ಅಚ್ಚಗನ್ನಡದ್ದು. ಸಾಟಿ, ಒತ್ತೆ ಎಂಬ ಅರ್ಥಗಳಿಂದ ಸಾಲ ಸೋಲಗಳ ವ್ಯವಹಾರಕ್ಕೆ ಹತ್ತಿರವಾದುದು. ಯೇಸುವನ್ನು ದೇವರ ಕುರಿಮರಿಯೆಂದು ಕರೆಯುವಲ್ಲಿಯಾದರೋ ಭಾಷಾಂತರಕಾರರು ಮೂಲದಲ್ಲಿಲ್ಲದ ‘ಯಜ್ಞ’ ಶಬ್ದವನ್ನು ವಿವರಣೆಗಾಗಿ ಸೇರಿಸಿದರು. ಇದರೊಡನೆ ಶಿಲುಬೆಯು ವೈದಿಕ ಪರಿಭಾಷೆಯನ್ನು ಪ್ರವೇಶಿಸಿದಂತಾಯಿತು.

ಈ ಮಾರ್ಗವನ್ನು ಶಾಸ್ತ್ರೀಯವಾಗಿ ಕೊನೆಯವರೆಗೆ ನಡೆದು ನೋಡಿದವರು ಫರ್ಡಿನಂಡ್ ಕಿಟ್ಟೆಲ್ಲರು (೧೮೩೨-೧೯೦೩). ೧೮೩೪ರಲ್ಲಿ ಮಂಗಳೂರಿನಲ್ಲಿ ನೆಲೆಗೊಂಡ ಬಾಸೆಲ್ ಮಿಷನ್ನಿಗೆ ಸೇರಿ ೧೮೫೩ರಲ್ಲಿ ಕನ್ನಡ ನಾಡಿಗೆ ಬಂದ ಅವರ ಹೆಸರು ೧೮೯೪ರ ನಿಘಂಟುವಿನಿಂದ ಚಿರಸ್ಥಾಯಿಯಾಗಿದೆ. ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸುಗಳಲ್ಲಿ ಹೇಳಿದ ‘ಕಥಾಮಾಲೆ’ಯನ್ನು ೧೮೬೨ರಲ್ಲಿಯೇ ಅವರು ಪ್ರಕಟಿಸಿದ್ದರು. ೧೮೭೨ರಲ್ಲಿ, ಕೇಶಿರಾಜನ ‘ಶಬ್ದಮಣಿದರ್ಪಣ’ವು ಅವರ ಸಂಪಾದನೆಯಲ್ಲಿ ಹೊರಬಂದ ವರ್ಷವೇ, ‘ಯಜ್ಞಸುಧಾನಿಧಿ’ ಎಂಬ ಅವರ ಪುಸ್ತಕವು ಮಂಗಳೂರಿನಲ್ಲಿ ಅಚ್ಚಾಯಿತು. ವೈದಿಕ ಯಜ್ಞದ ವಿಚಾರವನ್ನೆತ್ತಿಕೊಂಡು, ಸತ್ಯವಾದ ಯಜ್ಞವು ಕ್ರಿಸ್ತನಲ್ಲಿ ನೆರವೇರಿತೆಂದು ತೋರಿಸುವುದು ಅದರ ಗುರಿ. ಮೂರು ವರ್ಷಗಳ ಬಳಿಕ, ೧೮೭೫ರಲ್ಲಿ, ಕಲ್ಕತ್ತೆಯ ಕೃಷ್ಣಮೋಹನ ಬಂದ್ಯೋಪಾಧ್ಯಾಯರೂ ಆರ್ಯರ ಸಾಕ್ಷ್ಯವನ್ನು ಕುರಿತ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ, ತನ್ನನ್ನೇ ಆಹುತಿಯಾಗಿಸಿಕೊಂಡ ಪ್ರಜಾಪತಿಯಲ್ಲಿ ಕ್ರಿಸ್ತನ ಮುನ್ಸೂಚನೆಯನ್ನು ಕಂಡರು.

ಈ ಹೋಲಿಕೆಗೆ ಆಧಾರವಿಲ್ಲದೆ ಇಲ್ಲ. ಋಗ್ವೇದದ ಪುರುಷಸೂಕ್ತದಲ್ಲಿ ಪುರುಷನೇ ಯಜ್ಞಪಶು. ಬ್ರಾಹ್ಮಣ ಗ್ರಂಥಗಳಲ್ಲಿ ಪ್ರಜಾಪತಿಯೇ ಯಜ್ಞ. ಯಜ್ಞದಿಂದಲೇ ಲೋಕವು ನಿಂತಿದೆ ಎಂಬ ಭಾವವೂ, ಆಹುತಿಯೂ ಹೋತೃವೂ ಒಬ್ಬನೇ ಆಗಬಹುದೆಂಬ ಭಾವವೂ ಅಲ್ಲಿವೆ. ಹೊಸ ಒಡಂಬಡಿಕೆಯ ಇಬ್ರಿಯರಿಗೆ ಬರೆದ ಪತ್ರದಲ್ಲಿಯೂ ಕ್ರಿಸ್ತನೇ ಯಾಜಕ, ಕ್ರಿಸ್ತನೇ ಬಲಿ. ವೈದಿಕ ವಿದ್ವಾಂಸನಿಗೆ ಶಿಲುಬೆಯನ್ನು ವಿವರಿಸಲು ಇದಕ್ಕಿಂತ ಹತ್ತಿರದ ಸಾಮ್ಯವು ದೊರೆಯಲಾರದು.

೫

ಆದರೆ ಕನ್ನಡ ನಾಡು ವೈದಿಕ ವಿದ್ವಾಂಸರದು ಮಾತ್ರವಲ್ಲ. ಕಿಟ್ಟೆಲ್ಲರು ‘ಯಜ್ಞ’ ಶಬ್ದವನ್ನು ಕೈಗೆತ್ತಿಕೊಳ್ಳುವುದಕ್ಕೆ ಎಷ್ಟೋ ಶತಮಾನಗಳ ಮೊದಲೇ ಈ ನಾಡಿನ ಶ್ರೇಷ್ಠ ಕವಿಗಳೂ ಅನುಭಾವಿಗಳೂ ಆ ಶಬ್ದವನ್ನು ವಿಚಾರಣೆಗೆ ಗುರಿಪಡಿಸಿದ್ದರು. ೧೨೦೯ರ ಜನ್ನನ ‘ಯಶೋಧರ ಚರಿತೆ’ಯ ವಸ್ತುವೇ ಇದು. ಕೆಟ್ಟ ಕನಸಿನ ಶಾಂತಿಗಾಗಿ ದೇವಿಗೆ ಪ್ರಾಣಿಬಲಿ ಕೊಡಬೇಕೆಂದು ತಾಯಿ ಚಂದ್ರಮತಿಯು ಹಟ ಹಿಡಿಯುವಳು. ಯಶೋಧರನು ಕೊಲ್ಲಲಾರದೆ, ಜೀವದ ಕೋಳಿಗೆ ಬದಲಾಗಿ ಹಿಟ್ಟಿನ ಕೋಳಿಯನ್ನು ಬಲಿಕೊಡಲು ಒಪ್ಪುವನು. ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿ ಮಕ್ಕಳಿಬ್ಬರೂ ಜನ್ಮಜನ್ಮಾಂತರಗಳಲ್ಲಿ ನೋಯುವರು.

ಈ ಕಥೆಯನ್ನು ಕೇಳಿ ಬೆಳೆದ ಮನಸ್ಸಿನ ಮುಂದೆ, ಮನುಷ್ಯನ ದಂಡನೆಯನ್ನು ಬೇರೊಬ್ಬನು ಬದಲಿಯಾಗಿ ಹೊತ್ತನೆಂಬ ಸಿದ್ಧಾಂತವನ್ನು ಇಟ್ಟರೆ ಏನಾಗುವುದು? ಬದಲಿಯ ಬಲಿಯಿಂದ ಬಲಿಯ ಪಾಪವು ತೊಲಗದು ಎಂಬುದೇ ಜನ್ನನ ಕಾವ್ಯದ ಸಾರ. ಬಲಿಯನ್ನು ಬೇಡುವ ದೇವತೆ ಆರಾಧನೆಗೆ ಅರ್ಹವಲ್ಲವೆಂಬುದು ಅದರ ಇನ್ನೊಂದು ಮುಖ. ಜೈನರ ಈ ಆಕ್ಷೇಪಕ್ಕೆ ಹನ್ನೆರಡನೆಯ ಶತಮಾನದ ಶರಣರ ವಾಣಿಯನ್ನೂ ಸೇರಿಸಬೇಕು. ಬಲಿಗೆಂದು ತಂದ ಮೂಕಪಶುವಿನ ಅವಸ್ಥೆಯನ್ನು ಕಂಡು ಮರುಗಿದ ಬಸವಣ್ಣನವರು, ದಯೆಯಿಲ್ಲದಲ್ಲಿ ಧರ್ಮವನ್ನು ಕಾಣಲು ನಿರಾಕರಿಸಿದರು. ಹೀಗಿರುವಾಗ, ಕನ್ನಡದ ಕಿವಿಗೆ ‘ಯಜ್ಞ’ವು ಪವಿತ್ರವಾದ ಮಾತಾಗಿ ಕೇಳುವಂತೆಯೇ ಕೊಲೆಯ ಮಾತಾಗಿಯೂ ಕೇಳಿಸುತ್ತದೆ.

ಇದೇ ಆಕ್ಷೇಪವನ್ನು ಆಧುನಿಕ ಕಾಲದಲ್ಲಿ ಇನ್ನಿಬ್ಬರು ಬೇರೆ ಬೇರೆ ಕಡೆಯಿಂದ ಎತ್ತಿದರು. ಗಾಂಧೀಜಿಯವರು ತಮ್ಮ ಆತ್ಮಕಥೆಯಲ್ಲಿ, ಯೇಸುವಿನ ಮರಣವು ಲೋಕಕ್ಕೆ ಮಹತ್ತಾದ ಆದರ್ಶವೆಂದು ಒಪ್ಪಿದರೂ ಅದರಲ್ಲಿ ಯಾವುದೋ ಗೂಢವಾದ ಶಕ್ತಿಯಿದೆಯೆಂಬುದನ್ನು ತಮ್ಮ ಹೃದಯವು ಒಪ್ಪಲಿಲ್ಲವೆಂದು ತಿಳಿಸಿರುವರು. ಇದು ಅಬೆಲಾರ್ಡನ ದಾರಿಗೆ ಸಮೀಪವಾದುದು. ಎರಡನೆಯವರು ಡಾ. ಅಂಬೇಡ್ಕರರು. ೧೯೫೬ರ ಅಕ್ಟೋಬರ್ ೧೪ರಂದು ನಾಗಪುರದಲ್ಲಿ ಬೌದ್ಧದೀಕ್ಷೆಯನ್ನು ಸ್ವೀಕರಿಸಿದ ಅವರು, ಮರುವರ್ಷ, ಅವರ ನಿಧನಾನಂತರ, ಪ್ರಕಟವಾದ ‘ಬುದ್ಧ ಮತ್ತು ಆತನ ಧಮ್ಮ’ ಎಂಬ ಗ್ರಂಥದಲ್ಲಿ ಮಾರ್ಗದಾತನಿಗೂ ಮೋಕ್ಷದಾತನಿಗೂ ಇರುವ ಭೇದವನ್ನು ಎತ್ತಿ ಹಿಡಿದಿದ್ದಾರೆ. ಬುದ್ಧನು ದಾರಿ ತೋರುವವನು. ಬಿಡುಗಡೆಯನ್ನು ಪ್ರತಿಯೊಬ್ಬನೂ ತಾನೇ ಸಾಧಿಸಿಕೊಳ್ಳಬೇಕು. ಒಬ್ಬನ ಮರಣವು ಇನ್ನೊಬ್ಬನ ಬಿಡುಗಡೆಯಾಗುವುದೆಂತು ಎಂಬ ಪ್ರಶ್ನೆಯು ಶಾಸ್ತ್ರದ ಪುಟಗಳನ್ನು ಬಿಟ್ಟು ಲಕ್ಷಾಂತರ ಜನರ ಬಾಳಿನ ಪ್ರಶ್ನೆಯಾಗಿ ನಿಂತುದು ಈ ನಗರದಲ್ಲಿ.

೬

ಈ ಆಕ್ಷೇಪಗಳಿಗೆ ಕ್ರೈಸ್ತ ಚಿಂತನೆಯು ಕೊಡಬಲ್ಲ ಉತ್ತರವೇನು? ಮೊದಲನೆಯದಾಗಿ, ಬಲಿಯ ವಿಮರ್ಶೆಯು ಬೈಬಲ್ಲಿಗೆ ಹೊರಗಿನದಲ್ಲ. ಆಮೋಸ, ಹೋಶೇಯ ಮೊದಲಾದ ಪ್ರವಾದಿಗಳು ಬಲಿಗಳಿಗಿಂತ ನ್ಯಾಯವೂ ದಯೆಯೂ ದೇವರಿಗೆ ಪ್ರಿಯವೆಂದು ಸಾರಿದರು. ಇಬ್ರಿಯರಿಗೆ ಬರೆದ ಪತ್ರವು ಬಲಿಯ ಭಾಷೆಯನ್ನು ಬಳಸುವುದು ಬಲಿಗಳು ಇನ್ನು ಮುಗಿದುವೆಂದು ಸಾರುವುದಕ್ಕಾಗಿ. ಫ್ರೆಂಚ್ ಚಿಂತಕ ರೆನೆ ಜಿರಾರ್ಡರು (೧೯೨೩-೨೦೧೫) ಈ ಅಂಶವನ್ನೇ ಮುಂದುವರಿಸಿದರು. ಸಮಾಜವು ತನ್ನೊಳಗಿನ ವೈಷಮ್ಯವನ್ನು ಒಬ್ಬನ ತಲೆಯ ಮೇಲೆ ಹೊರಿಸಿ ಅವನನ್ನು ಕೊಂದು ಶಾಂತಿ ಪಡೆಯುವುದು. ಸತ್ತವನು ನಿರ್ದೋಷಿಯೆಂದು ಸುವಾರ್ತೆಗಳು ಬಯಲಿಗೆಳೆದುದರಿಂದ ಆ ಯಂತ್ರವು ಮುರಿಯಿತು ಎಂಬುದು ಅವರ ವಾದ. ೨೦೦೩ರಲ್ಲಿ ಪ್ರಕಟವಾದ ಸಣ್ಣ ಗ್ರಂಥವೊಂದರಲ್ಲಿ ಅವರು ಕಿಟ್ಟೆಲ್ಲರಂತೆಯೇ ಬ್ರಾಹ್ಮಣ ಗ್ರಂಥಗಳ ಯಜ್ಞವಿಚಾರಕ್ಕೆ ಕೈಹಾಕಿ, ಬಲಿಯನ್ನು ಮೀರುವ ದೃಷ್ಟಿಯು ಭಾರತದ ಪರಂಪರೆಯಲ್ಲಿಯೂ ಮೂಡಿತ್ತೆಂದು ಒಪ್ಪಿಕೊಂಡಿರುವರು. ಕಿಟ್ಟೆಲ್ಲರಿಗೆ ಶಿಲುಬೆಯು ಯಜ್ಞದ ಪೂರ್ಣತೆ. ಜಿರಾರ್ಡರಿಗೆ ಅದು ಯಜ್ಞದ ಗುಟ್ಟನ್ನು ಹೊರಗೆಡಹಿದ ಘಟನೆ.

ಎರಡನೆಯ ಉತ್ತರವು ಭಾರತದ ದಲಿತ ಕ್ರೈಸ್ತರಿಂದ ಬಂದಿತು. ಮಹಾರಾಷ್ಟ್ರದ ಅರವಿಂದ ನಿರ್ಮಲರು ೧೯೮೧ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಮಾಡಿದ ಉಪನ್ಯಾಸವು ದಲಿತ ದೇವಶಾಸ್ತ್ರದ ಆರಂಭವೆಂದು ಪರಿಗಣಿತವಾಗಿದೆ. ತುಳಿತಕ್ಕೊಳಗಾಗಿ ಮುರಿದುಹೋದವನಾಗಿ ಶಿಲುಬೆಯ ಮೇಲೆ ಕಾಣುವ ಯೇಸು ಸ್ವತಃ ದಲಿತನೆಂಬುದು ಅವರ ನಿಲುವು. ಇಲ್ಲಿ ದೇವರು ಬಲಿಯನ್ನು ಪಡೆಯುವವನ ಪಕ್ಷದಲ್ಲಿಲ್ಲ, ಬಲಿಯಾದವನ ಪಕ್ಷದಲ್ಲಿದ್ದಾನೆ. ರೋಮನ್ನರು ಗುಲಾಮರಿಗೆಂದು ಕಲ್ಪಿಸಿದ ಶಿಕ್ಷೆಯ ಮೂಲ ಚಾರಿತ್ರಿಕ ಅರ್ಥವು ಹೀಗೆ ಬಹುಕಾಲದ ಮೇಲೆ ಮತ್ತೆ ಮುಂದಕ್ಕೆ ಬಂದಿತು.

ಕನ್ನಡ ಸಾಹಿತ್ಯದಲ್ಲಿ ಇದೇ ದಿಕ್ಕಿನ ಒಂದು ತಿರುವನ್ನು ಇವೆಲ್ಲಕ್ಕೂ ಮೊದಲೇ ಕಾಣಬಹುದು. ಗಡಿನಾಡಾದ ಕಾಸರಗೋಡಿನ ಮಂಜೇಶ್ವರದಲ್ಲಿ ಬಾಳಿದ ಗೋವಿಂದ ಪೈಗಳು (೧೮೮೩-೧೯೬೩) ೧೯೩೦ರ ದಶಕದಲ್ಲಿ ಯೇಸುವಿನ ಕಡೆಯ ದಿನವನ್ನು ವಸ್ತುವಾಗಿಟ್ಟುಕೊಂಡು ‘ಗೊಲ್ಗೊಥಾ’ ಖಂಡಕಾವ್ಯವನ್ನು ರಚಿಸಿದರು. ಮುಂದೆ ‘ವೈಶಾಖಿ’ಯಲ್ಲಿ ಬುದ್ಧನ ಅಂತ್ಯಕಾಲವನ್ನು ಹಾಡಿದರು. ಕ್ರೈಸ್ತರಲ್ಲದ ಪೈಗಳಿಗೆ ಶಿಲುಬೆಯ ಸಿದ್ಧಾಂತವನ್ನು ಸಾಧಿಸುವ ಹೊಣೆಯಿರಲಿಲ್ಲ; ಮಹಾಪುರುಷನೊಬ್ಬನು ತನ್ನ ಮರಣವನ್ನು ಎದುರಿಸಿದ ಬಗೆಯೇ ಅವರ ಕಾವ್ಯದ ಕೇಂದ್ರ. ಯೇಸುವನ್ನೂ ಬುದ್ಧನನ್ನೂ ಒಂದೇ ಕವಿಯ ಭಕ್ತಿಯು ಹೀಗೆ ಅಪ್ಪಿಕೊಂಡಾಗ ಬಲಿಯ ಭಾಷೆಯು ಹಿಂದೆ ಸರಿದು ತ್ಯಾಗದ ಭಾಷೆಯು ಮುಂದೆ ಬರುವುದು ಅನಿವಾರ್ಯ. ಕ್ರೈಸ್ತ ಪಂಡಿತರಲ್ಲಿಯೂ ಇಂಥದೇ ಒಂದು ಸ್ಥಳಾಂತರವನ್ನು ಕಾಣುತ್ತೇವೆ. ಬಾಸೆಲ್ ಮಿಷನ್ನಿನ ಪಾದ್ರಿಯಾಗಿದ್ದ ಉತ್ತಂಗಿ ಚನ್ನಪ್ಪನವರು (೧೮೮೧-೧೯೬೨) ಸರ್ವಜ್ಞನ ವಚನಗಳನ್ನು ೧೯೨೪ರಲ್ಲಿ ಪ್ರಕಟಿಸಿದರು. ಅನುಭವಮಂಟಪದ ಐತಿಹಾಸಿಕತೆಯನ್ನು ಕುರಿತು ಗ್ರಂಥವನ್ನು ಬರೆದರು. ೧೯೪೯ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಕನ್ನಡ ನಾಡಿನ ಹೃದಯವನ್ನು ಅರಿಯಲು ಕಿಟ್ಟೆಲ್ಲರು ವೇದದ ಯಜ್ಞಶಾಲೆಯ ಬಾಗಿಲನ್ನೂ ತಟ್ಟಿದರೆ, ಉತ್ತಂಗಿಯವರು ಶರಣರ ಮಂಟಪವನ್ನು ಹೊಕ್ಕರು.

೭

ಈ ಇತಿಹಾಸದಿಂದ ಹೊರಡುವ ನಿರ್ಣಯವನ್ನು ಹೀಗೆ ಹೇಳಬಹುದು. ಬಲಿಯೆಂದರೆ ಇನ್ನೊಬ್ಬರಿಂದ ಕಿತ್ತುಕೊಂಡ ಪ್ರಾಣ. ತ್ಯಾಗವೆಂದರೆ ತಾನಾಗಿ ಕೊಟ್ಟ ಪ್ರಾಣ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಶಬ್ದವಿರುವುದರಿಂದ ಈ ಭೇದವು ಅಲ್ಲಿ ಮರೆಯಾಗಬಹುದು, ಕನ್ನಡದಲ್ಲಿ ಮರೆಯಾಗಲಾರದು. ಆದಕಾರಣ ಶಿಲುಬೆಯನ್ನು ಕನ್ನಡದಲ್ಲಿ ಅರ್ಥಮಾಡಿಕೊಳ್ಳಬೇಕೆನ್ನುವವನು, ಕ್ರೈಸ್ತನಾಗಿರಲಿ ಅಲ್ಲದಿರಲಿ, ಜನ್ನನ ಪ್ರಶ್ನೆಗೆ ಮೊದಲು ಉತ್ತರವನ್ನು ಕೊಡಬೇಕು. ರಕ್ತವನ್ನ ಬೇಡಿದ ದೇವರಿಗೆ ಅದನ್ನು ಸಲ್ಲಿಸಲಾಯಿತೆಂಬ ವಿವರಣೆಯು ಈ ನಾಡಿನ ಧರ್ಮಪ್ರಜ್ಞೆಯ ಮುಂದೆ ನಿಲ್ಲಲಾರದು. ದ್ವೇಷಕ್ಕೆ ದ್ವೇಷವನ್ನು ಹಿಂದಿರುಗಿಸದೆ ಒಬ್ಬನು ತನ್ನನ್ನು ಕೊಟ್ಟುಕೊಂಡನು, ದೇವರು ಆತನ ಪಕ್ಷದಲ್ಲಿದ್ದನು ಎಂಬ ವಿವರಣೆಯು ನಿಂತೀತು. ಅಷ್ಟಾದರೂ ಅಂಬೇಡ್ಕರರ ಪ್ರಶ್ನೆಯು ಉಳಿದೇ ಇರುವುದು. ಅದಕ್ಕೆ ಟಿಳಕರಂಥ ಭಕ್ತನು ಕೃಪೆಯನ್ನೂ ಬೌದ್ಧನು ಸ್ವಪ್ರಯತ್ನವನ್ನೂ ಉತ್ತರವಾಗಿ ಹೇಳುವನು. ಈ ಎರಡರ ನಡುವಣ ವಾದವು ಭಾರತಕ್ಕೆ ಹೊಸದಲ್ಲ.

ಕಿಟ್ಟೆಲ್ಲರ ಪ್ರಯತ್ನವು ವ್ಯರ್ಥವಾಯಿತೆಂದು ಇದರ ಅರ್ಥವಲ್ಲ. ಪರದೇಶದ ಒಂದು ವಾರ್ತೆಯನ್ನು ಕನ್ನಡದ ಅತ್ಯಂತ ಗಂಭೀರವಾದ ಶಬ್ದವೊಂದರ ಎದುರಿಗೆ ತಂದು ನಿಲ್ಲಿಸಿದವರು ಅವರು. ಆ ಶಬ್ದದೊಳಗೆ ಪುರುಷಸೂಕ್ತವೂ ಇದೆ, ಹಿಟ್ಟಿನ ಕೋಳಿಯೂ ಇದೆ. ಒಂದನ್ನು ಮಾತ್ರ ತೆಗೆದುಕೊಂಡು ಇನ್ನೊಂದನ್ನು ಬಿಡುವ ಸ್ವಾತಂತ್ರ್ಯವು ಭಾಷಾಂತರಕಾರನಿಗಿಲ್ಲ. ಶಬ್ದವು ಬರುವಾಗ ತನ್ನ ಇತಿಹಾಸವನ್ನೆಲ್ಲ ಕೂಡಿಕೊಂಡೇ ಬರುವುದು.